ಚಹಾ ಕೇಳದ ಮನೆಯ ಅಮೆರಿಕಾ ಮೋಟಾರು

ಸರ್ವೇಯರ್ ಎಂದರೆ ಜಮೀನು ಅಳೆಯುವವನು ಎಂದು ತಿಳಿದು, ಮದುವೆಯಾದ ಹೊಸದರಲ್ಲಿ ನನ್ನ ಮಾವನವರು ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಬಾಂದುಕಲ್ಲು ತೋರಿಸಿದ್ದರು. ಪಕ್ಕದ ಹೊಲದವನು ಒತ್ತಿದ್ದಾನೋ ಇಲ್ಲವೋ ಹೇಳು ಎಂದರು. ನಾನು ಅಳೆಯುವುದು ಹೊಲವನ್ನಲ್ಲ, ಜಖಂ ಆದ ಗಾಡಿಯನ್ನು ಎಂದು ತಿಳಿಸಿ ಹೇಳಲು ಆ ದಿನವೆಲ್ಲ ಹಿಡಿಯಿತು. ವಿಮೆ ಮಾಡಿಸಿದ ಗಾಡಿ ಅಪಘಾತಕ್ಕೆ ಸಿಕ್ಕರೆ, ಸುಟ್ಟರೆ, ಹಳ್ಳಕ್ಕೆ ಬಿದ್ದರೆ, ಅದು ಖರೆಯೋ ಸುಳ್ಳೋ, ಖರೆಯಾದರೆ ಎಷ್ಟರಮಟ್ಟಿಗೆ ಖರೆ ಎಂದು ನೋಡಿ ಬರೆದುಕೊಡುವುದು ನನ್ನ ಕೆಲಸವಾಗಿತ್ತು. ಬೀದರಿನಲ್ಲಿ ಕಚೇರಿ, ಭಾಲ್ಕಿ, ಔರಾದ ಕಡೆಗೆಲ್ಲ ತಿರುಗಾಟ.

ಈಗ ಈ ಕೆಲಸಕ್ಕೆ ಸೇರುವ ಹುಡುಗರು ಆಗಾಗ ಮನೆಗೆ ಬರುತ್ತಾರೆ. ಅವರ ಮುಖದಲ್ಲಿ ನಂಬಿಕೆ ತುಂಬಿ ತುಳುಕುವುದನ್ನು ನೋಡಿದರೆ ನನಗೆ ಭಯವಾಗುತ್ತದೆ. ಈ ಕೆಲಸದಲ್ಲಿ ಸಂಶಯವೇ ಬಂಡವಾಳ. ಅದು ಕಚೇರಿಯಲ್ಲೇ ಉಳಿಯುವುದೂ ಇಲ್ಲ, ಮನೆಗೂ ಬರುತ್ತದೆ. ನನ್ನ ಹೆಂಡತಿ ಪಲ್ಯ ಚೆನ್ನಾಗಿದೆಯೇ ಎಂದು ಕೇಳಿದರೆ, ಇದು ನಿನ್ನೆಯದೇ ಎಂದು ನಾನು ಮೊದಲು ಕೇಳುತ್ತೇನೆ. ಅವಳು ಇದಕ್ಕೆ ಹೊಂದಿಕೊಂಡಿದ್ದಾಳೆ. ನಿಮ್ಮ ಮನೆಯವರು ಹೊಂದಿಕೊಳ್ಳುತ್ತಾರೋ ಇಲ್ಲವೋ ನೀವೇ ನೋಡಿಕೊಳ್ಳಿ.

ನನಗೆ ಕೆಲಸ ಕಲಿಸಿದವರು ವೀರಶೆಟ್ಟಿ ಸರ್. ಹಣೆಯ ಮೇಲೆ ವಿಭೂತಿ, ನಾಲಿಗೆಯ ಮೇಲೆ ವಚನ, ಕಣ್ಣಲ್ಲಿ ಮಾತ್ರ ಯಾರ ಮೇಲೂ ಎಳ್ಳಷ್ಟು ನಂಬಿಕೆಯಿಲ್ಲದ ಮನುಷ್ಯ. ಮೊದಲ ದಿನವೇ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, “ರಿಪೋರ್ಟ್ ಬರೆಯೂತನಕ ಅವರ ಮನ್ಯಾಗ ಚಹಾ ಕುಡೀಬ್ಯಾಡ. ಚಹಾದ ಕೂಡ ಅವರ ಕಥಿನೂ ಹೊಟ್ಟಿಗಿ ಇಳೀತದ” ಎಂದರು. ಇನ್ನೊಂದು ಮಾತನ್ನೂ ಅವರು ಕಟ್ಟುನಿಟ್ಟಾಗಿ ಹೇಳಿದ್ದರು. “ಯಾರ ಗಾಡಿ ಮೈ ಮುಟ್ಟೀದಿ, ಅವರ ಕೈಯಾಗ ಒಂದು ಕಾಪಿ ಕೊಟ್ಟು ಬಾ. ಬೆನ್ನ ಹಿಂದ ಬರೆಯೋದು ಚಾಡಿಕೋರರ ಕೆಲಸ.” ಹೀಗಾಗಿ ನನ್ನ ಚೀಲದಲ್ಲಿ ಕಾರ್ಬನ್ ಹಾಳೆ ಯಾವಾಗಲೂ ಇರುತ್ತಿತ್ತು. ನನಗೆ ದುಡ್ಡು ಕೊಡುವವರು ಯಾರೇ ಆಗಿರಲಿ, ಗಾಡಿಯ ಮಾಲೀಕನಿಗೆ ಒಂದು ಪ್ರತಿ ಕೊಡದೆ ನಾನು ಹೊಸ್ತಿಲು ದಾಟಿದವನಲ್ಲ.

ಭಾಲ್ಕಿಯ ಒಬ್ಬ ವ್ಯಾಪಾರಿಯ ಜೀಪು ಸುಟ್ಟ ಪ್ರಕರಣ ನನ್ನ ಮೂಗನ್ನು ಶಾಶ್ವತವಾಗಿ ಕೆಡಿಸಿತು. ಊರಾಚೆ ಹೊಲದ ದಾರಿಯಲ್ಲಿ ಜೀಪು ಕರಿ ಎಲುಬುಗೂಡಾಗಿ ನಿಂತಿತ್ತು. ಪಕ್ಕದಲ್ಲಿ ವ್ಯಾಪಾರಿ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ನಾನು ಬೂದಿಯೊಳಗೆ ಕೈಯಾಡಿಸಿದೆ. ಬರೀ ಬೂದಿ.

“ಸೀಟಿನ ಸ್ಪ್ರಿಂಗ್ ಎಲ್ಲಿ ಹೋದ್ವುರಿ?” ಎಂದೆ.

“ಸುಟ್ಟು ಹೋದ್ವಲ್ರಿ ಸಾಹೇಬ್ರ.”

“ಕಬ್ಬಿಣ ಸುಟ್ಟು ಬೂದಿ ಆಗ್ತದೇನ್ರಿ?”

ಆತ ಟವೆಲ್ಲು ಹೆಗಲಿಗೆ ಹಾಕಿಕೊಂಡು, “ಚಹಾ ತೊಗೋತೀರೇನ್ರಿ?” ಎಂದ. ಸೀಟು, ಬ್ಯಾಟರಿ, ಒಳಗಿನ ಬೆಲೆಬಾಳುವ ಸಾಮಾನೆಲ್ಲ ಬಿಚ್ಚಿಟ್ಟು, ಬರೀ ಮೈಗೆ ಬೆಂಕಿ ಹಚ್ಚಿದ್ದ. ಅಂದಿನಿಂದ ಎಲ್ಲಿ ಬೂದಿ ಕಂಡರೂ ನನ್ನ ಮೂಗು ಚುರುಕಾಗುತ್ತದೆ.

ಮೂಗು ತಪ್ಪು ಮಾಡುವುದೂ ಉಂಟು. ಬಗದಲ್‌ನಲ್ಲಿ ಒಂದು ಟ್ರ್ಯಾಕ್ಟರಿನ ಬಂಪರಿನ ಮೇಲೆ ಕೆಂಪು ಕಲೆ ಕಂಡು ‘ರಕ್ತದ ಕಲೆಗಳಿವೆ, ಮರೆಮಾಚಿದ ಅಪಘಾತವಿರಬಹುದು’ ಎಂದು ಬರೆದು ಕಳಿಸಿದ್ದೆ. ಅದು ಆಯುಧ ಪೂಜೆಯ ಕುಂಕುಮ. ವಾರದ ಹಿಂದೆ ನಮ್ಮ ಕಚೇರಿಯ ಟೈಪ್‌ರೈಟರಿಗೂ ಅದೇ ಕುಂಕುಮವನ್ನು ನಾನೇ ಹಚ್ಚಿದ್ದೆ. ವೀರಶೆಟ್ಟಿ ಸರ್ ಆ ಹಾಳೆಯನ್ನು ಎಲ್ಲರಿಗೂ ಓದಿ ಹೇಳಿದರು. ಅಂದಿನಿಂದ ಹಬ್ಬದ ದಿನ ಯಾರಾದರೂ ಹಣೆಗೆ ಕುಂಕುಮ ಇಟ್ಟುಕೊಂಡು ಬಂದರೆ, ಅಪಘಾತ ಎಲ್ಲಾಯಿತು ಎಂದು ಕಚೇರಿಯವರೆಲ್ಲ ನನ್ನ ಕಡೆ ನೋಡುತ್ತಿದ್ದರು.

ಆಗ ನಮ್ಮ ಉಪಕರಣ ಎಂದರೆ ಅಂಗಿಯ ಜೇಬಿನಲ್ಲಿ ಬಟ್ಟೆ ಸುತ್ತಿದ ಒಂದು ಆಯಸ್ಕಾಂತ. ತಗಡಿಗೆ ಅಂಟಿದರೆ ಸರಿ. ಜಾರಿದರೆ ಅಲ್ಲಿ ಪುಟ್ಟಿ ತುಂಬಿ ಬಣ್ಣ ಬಳಿದಿದ್ದಾರೆ ಎಂದರ್ಥ. ಈಗ ಬಣ್ಣದ ದಪ್ಪ ಅಳೆಯುವ ಯಂತ್ರ ಬಂದಿದೆ. ಹುಡುಗರು ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸುತ್ತಾರೆ, ಬೆಂಗಳೂರಿನಲ್ಲಿ ಕುಳಿತ ಯಾರೋ ಅದನ್ನು ನೋಡಿ ತೀರ್ಮಾನಿಸುತ್ತಾರೆ. ಒಳ್ಳೆಯದೇ. ಆದರೆ ಮನೆಯವರು ಚಹಾ ಕೇಳಿದರೋ ಇಲ್ಲವೋ ಎಂಬುದು ಯಾವ ಫೋಟೊದಲ್ಲೂ ಬರುವುದಿಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ, ನನ್ನ ಸರ್ವೀಸಿನಲ್ಲೇ ನನ್ನನ್ನು ಅತಿ ಹೆಚ್ಚು ಗೋಳಾಡಿಸಿದ್ದು ಚಹಾ ಕೇಳದ ಒಂದು ಮನೆ.

ಮಳೆ ಮೇಲಿಂದ ಮೇಲೆ ಕೈಕೊಟ್ಟ ಕಾಲ ಅದು. ದಸರೆ ಮುಗಿಯುತ್ತಿದ್ದಂತೆ ಔರಾದ ಕಡೆಯ ಹಳ್ಳಿಗಳಿಗೆ ಮಹಾರಾಷ್ಟ್ರದ ಕಬ್ಬಿನ ಸೀಮೆಯಿಂದ ಲಾರಿಗಳು ಬರುತ್ತಿದ್ದವು. ಗಂಡ-ಹೆಂಡತಿ ಜೋಡಿಯಾಗಿ ಹತ್ತಬೇಕು. ಒಬ್ಬರು ಕಡಿಯಬೇಕು, ಇನ್ನೊಬ್ಬರು ಕಟ್ಟಿ ಹೊರಬೇಕು. ಜನರನ್ನು ಕೂಡಿಸಿ ಲಾರಿ ತುಂಬುವವನು ಮುಕಾದಮ. ಲಾರಿ ಹೋದ ಮೇಲೆ ಓಣಿಯಲ್ಲಿ ಕೀಲಿ ಹಾಕಿದ ಬಾಗಿಲುಗಳು, ಬಾಗಿಲಿಗೆ ಅಡ್ಡ ಇಟ್ಟ ಮುಳ್ಳುಕಂಟಿ. ನಮ್ಮ ಕೆಲಸವೂ ಆಗ ಕಡಿಮೆ. ಗಾಡಿ ಓಡಿದರೆ ತಾನೆ ಗುದ್ದುವುದು. ಆದ್ದರಿಂದ ಮಾರಾಟದ ಗಾಡಿಗಳನ್ನು ನೋಡಿ ಹೇಳುವ ಖಾಸಗಿ ಕೆಲಸವನ್ನೂ ನಾನು ಹಿಡಿಯುತ್ತಿದ್ದೆ.

ಹಾಗೆ ಬಂದವನು ರಾಜೇಂದ್ರ. ಮೂಲತಃ ಭಾಲ್ಕಿಯವನೇ, ಹೈದರಾಬಾದಿನಲ್ಲಿ ಹಳೆಯ ಕಾರುಗಳ ದಲಾಲಿ ಮಾಡುತ್ತಿದ್ದ. ನಗುನಗುತ್ತ ಮಾತಾಡುವವನು, ಆದರೆ ನಗುವಾಗ ಕಣ್ಣು ಬೇರೆ ಕಡೆ ನೋಡುತ್ತಿತ್ತು.

“ಠಾಣಾ ಕುಶನೂರದಾಗ ಒಂದು ಅಮೆರಿಕಾ ಗಾಡಿ ಅದರಿ. ಮ್ಯಾಲಿನ ಮಾಡು ಬಟ್ಟೀದು, ಬೇಕಾದಾಗ ಮಡಚೋದು. ಒಮ್ಮಿಯೂ ಬಣ್ಣ ಹಚ್ಚಿಲ್ಲ, ಒಂದು ನಟ್ ಬದಲಿ ಮಾಡಿಲ್ಲ ಅಂತಾರ. ಖರೆ ಇದ್ರ ನನ್ನ ಪಾರ್ಟಿ ತೊಗೋತಾನ. ನನಗ ನಂಬಿಕಿ ಇಲ್ಲ, ನೀವು ನೋಡಿ ಹೇಳ್ರಿ.”

ನನಗೂ ನಂಬಿಕೆ ಇರಲಿಲ್ಲ. ಹಳೆಯ ಕಾರು ಮಾರುವವರು ಎಲ್ಲರೂ ಇದನ್ನೇ ಹೇಳುತ್ತಾರೆ. ಒಪ್ಪಿಕೊಳ್ಳುವ ಮೊದಲು ನನ್ನ ರೂಢಿಯಂತೆ, ವರದಿಯ ಒಂದು ಪ್ರತಿ ಮಾಲೀಕರಿಗೂ ಕೊಡುತ್ತೇನೆ ಎಂದೆ. ಆತ ಮೊಬೈಲು ಒತ್ತುತ್ತ, “ಕೊಡ್ರಿ ಕೊಡ್ರಿ” ಎಂದ. ಕೇಳಿಸಿಕೊಂಡಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಕುಶನೂರಿನ ಆ ಮನೆಯ ಯಜಮಾನ ಮಿಲಿಂದ, ಅವನ ಹೆಂಡತಿ ಕಲಾವತಿ. ಇಬ್ಬರಿಗೂ ಮೂವತ್ತೈದರ ಆಸುಪಾಸು. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಖಾಕಿ ಅಂಗಿ ತೊಟ್ಟ ಒಬ್ಬ ಮುದುಕರ ಫೋಟೊ. ಅವರು ಮಿಲಿಂದನ ತಂದೆ ನರಸಿಂಗರಾವ್, ಊರ ಗೌಡರ ಮನೆಯ ಡ್ರೈವರ್ ಆಗಿದ್ದವರು. ಗೌಡರ ಮನೆತನ ಹೈದರಾಬಾದಿಗೆ ಹೋಗಿ ನೆಲೆಸುವಾಗ, ಪೆಟ್ರೋಲು ಕುಡಿಯುವ ಈ ಕಾರನ್ನು ನೀನೇ ಇಟ್ಟುಕೋ ಎಂದು ಅವರ ಹೆಸರಿಗೇ ಬರೆದುಕೊಟ್ಟಿದ್ದರು. ಕಾಗದಪತ್ರ ಎಲ್ಲ ಸರಿಯಿತ್ತು. ರಾಜೇಂದ್ರ ನನ್ನನ್ನು ಅಲ್ಲಿ ಇಳಿಸಿ, ಔರಾದಿನಲ್ಲಿ ಏನೋ ಕೆಲಸವಿದೆ, ಸಂಜೆಗೆ ಬರುತ್ತೇನೆ ಎಂದು ಹೋದ.

ನಾನು ಹೊರಸಿನ ಮೇಲೆ ಕುಳಿತೆ. ನೀರು ಕೊಟ್ಟರು. ಬರಗಾಲದಲ್ಲೂ ತುಂಬಿದ ತಂಬಿಗೆ. ಆಮೇಲೆ ಮಾತಿಲ್ಲ. ನಮ್ಮ ಕಡೆ ಮನೆಗೆ ಯಾರೇ ಬರಲಿ, ಜಪ್ತಿಗೆ ಬಂದವನಿಗೂ ಮೊದಲು ಚಹಾ ತೊಗೋತೀರೇನು ಎಂದು ಕೇಳುತ್ತಾರೆ. ಬೇಡ ಎನ್ನುವುದು ನನ್ನ ಕೆಲಸ. ಕೇಳುವುದು ಅವರ ಕೆಲಸ. ಸುಳ್ಳು ಹೇಳುವ ಮನೆಯಲ್ಲಂತೂ ಎರಡೆರಡು ಸಲ ಕೇಳುತ್ತಾರೆ. ಇಲ್ಲಿ ಒಂದು ಸಲವೂ ಕೇಳಲಿಲ್ಲ. ಮಿಲಿಂದ ಹೆಂಡತಿಯ ಕಡೆ ನೋಡಿದ, ಅವಳು ನೆಲ ನೋಡಿದಳು. ನಾನು ಬೇಗ ಎದ್ದು ಹೋದರೆ ಸಾಕು ಎಂದು ಇವರು ಕಾಯುತ್ತಿದ್ದಾರೆ ಅನಿಸಿತು. ಏನೋ ಇದೆ ಎಂದುಕೊಂಡೆ.

ಹಿತ್ತಿಲಿನಲ್ಲಿ ಮಣ್ಣಿನ ಗೋಡೆಯ ಒಂದು ದೊಡ್ಡ ಕೊಠಡಿ. ಒಳಗೆ ಹಳೆಯ ಸೀರೆಗಳಿಂದ ಹೊಲಿದ ಕೌದಿಗಳನ್ನು ಹೊದಿಸಿ ಕಾರನ್ನು ನಿಲ್ಲಿಸಿದ್ದರು. ಕಲಾವತಿ ಒಂದೊಂದೇ ಕೌದಿ ತೆಗೆದು ಮಡಚಿಟ್ಟಳು. ನಾನು ಆವರೆಗೆ ಸಾವಿರಾರು ಗಾಡಿ ನೋಡಿದ್ದವನು, ಆದರೂ ಒಂದು ಹೆಜ್ಜೆ ಹಿಂದೆ ಸರಿದೆ.

ತಿಳಿ ಹಸಿರು ಬಣ್ಣ. ಅಷ್ಟು ದೊಡ್ಡ ಕೊಠಡಿಯನ್ನೂ ತುಂಬಿದ ಅಗಲ. ಮುಂದಿನ ಬಂಪರಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಕಪ್ಪು ಬಟ್ಟೆಯ ಮಾಡು ಮಡಿಕೆಯ ಹತ್ತಿರ ಮಾತ್ರ ನವೆದಿತ್ತು, ಎಲ್ಲೂ ಹರಿದಿರಲಿಲ್ಲ. ಸ್ಟಿಯರಿಂಗ್ ಎಡಗಡೆಗೆ. ಡ್ರೈವರ್ ಬಾಗಿಲ ಅಂಚಿನಲ್ಲಿ ಮೊಣಕೈ ಊರುವ ಕಡೆ ಬಣ್ಣ ಸವೆದು ಕೆಳಗಿನ ಕೆಂಪು ಪದರ ಕಾಣುತ್ತಿತ್ತು. ನನಗಿಂತ ಹಿರಿಯ ಕಾರು ನನಗಿಂತ ಚೆನ್ನಾಗಿತ್ತು. ಇಷ್ಟು ಚೆನ್ನಾಗಿರುವುದು ಸಾಧ್ಯವೇ ಇಲ್ಲ ಎಂದು ನಾನು ಚೀಲ ಕೆಳಗಿಟ್ಟು ಅಂಗಿಯ ತೋಳು ಮಡಚಿದೆ.

ಆಯಸ್ಕಾಂತ ಎಲ್ಲ ಕಡೆ ಗಟ್ಟಿಯಾಗಿ ಅಂಟಿತು. ಪುಟ್ಟಿ ಇಲ್ಲ. ಸರಿ, ತಗಡನ್ನೇ ಬದಲಿಸಿರಬಹುದು. ಸ್ಕ್ರೂಗಳ ತಲೆ ನೋಡಿದೆ. ಯಾರಾದರೂ ಬಿಚ್ಚಿ ಹಾಕಿದ್ದರೆ ಗೀರಿನ ಅಂಚು ಮುರಿದಿರುತ್ತದೆ. ಒಂದೂ ಮುರಿದಿರಲಿಲ್ಲ. ಗಾಜಿನ ಸುತ್ತಲಿನ ರಬ್ಬರಿನ ಮೇಲೆ ಬಣ್ಣದ ಹನಿ ಸಿಡಿದಿದೆಯೇ ನೋಡಿದೆ. ಇಲ್ಲ. ಎಲ್ಲ ಗಾಜಿನ ಮೂಲೆಯಲ್ಲೂ ಒಂದೇ ಮುದ್ರೆ. ಒಂದೊಂದು ಪರೀಕ್ಷೆಯಲ್ಲೂ ಕಾರು ಪಾಸಾದಂತೆಲ್ಲ ನನ್ನ ಸಂಶಯ ಹೆಚ್ಚಾಯಿತು. ತಪ್ಪೇ ಇಲ್ಲದ ಉತ್ತರಪತ್ರಿಕೆ ಕಂಡರೆ ಮೇಷ್ಟರಿಗೆ ಕಾಪಿಯ ಅನುಮಾನ ಬರುವ ಹಾಗೆ.

ಆಮೇಲೆ ಕಾಲಿಡುವ ಜಾಗದ ಚಾಪೆ ಎತ್ತಿದೆ. ಬೂದಿ.

ತೆಳುವಾಗಿ ಅಲ್ಲ, ಬೆರಳು ಹುಗಿಯುವಷ್ಟು. ಸೀಟಿನ ಕೆಳಗೆ ಬೂದಿ, ಬಾಗಿಲಿನ ಸಂದಿಯಲ್ಲಿ ಬೂದಿ. ಭಾಲ್ಕಿಯ ಜೀಪು ಕಣ್ಣ ಮುಂದೆ ಬಂದು ನಿಂತಿತು. ಸಿಕ್ಕಿತು ಎಂದುಕೊಂಡೆ. ಎಂದೋ ಸುಟ್ಟ ಕಾರು. ಇದನ್ನು ಎಲ್ಲೋ ದೊಡ್ಡ ಕೈಯವನು ರಿಪೇರಿ ಮಾಡಿದ್ದಾನೆ. ನನಗೆ ಖುಷಿಯೇ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಸಂಶಯ ನಿಜವಾದಾಗ ಆಗುವ ಆ ಖುಷಿ ಎಂಥದೆಂದು ಈ ಕೆಲಸ ಮಾಡಿದವರಿಗೇ ಗೊತ್ತು.

“ಬೆಂಕಿ ಯಾವಾಗ ಹತ್ತಿತ್ತು?” ಎಂದು ಮಿಲಿಂದನನ್ನು ಕೇಳಿದೆ.

“ಬೆಂಕಿ ಎಲ್ಲೀದ್ರಿ?” ಆತ ಗಾಬರಿಯಾದ.

“ಈ ಬೂದಿ ಎಲ್ಲೀದು ಮತ್ತ?”

“ಅದು ಅಕೀದ್ರಿ. ಅಕಿ ಹಾಕ್ಯಾಳ.”

ಕಲಾವತಿ ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಒಂದು ಚಿಟಿಕೆ ಬೂದಿ ಬೆರಳಲ್ಲಿ ತಿಕ್ಕಿದೆ. ರಬ್ಬರ್, ಬಣ್ಣ ಸುಟ್ಟ ಬೂದಿ ಜಿಡ್ಡಾಗಿ ಅಂಟುತ್ತದೆ. ಇದು ಹಿಟ್ಟಿನ ಹಾಗೆ ಉದುರಿತು. ಜರಡಿ ಹಿಡಿದ ಸೆಗಣಿ ಕುಳ್ಳಿನ ಬೂದಿ. ನಡುವೆ ಒಣಗಿದ ಬೇವಿನ ಕಡ್ಡಿಗಳು. ವಾಸನೆ ನೋಡಿದೆ. ಕಮಠಾಣದ ನಮ್ಮ ಮನೆಯಲ್ಲಿ ಅವ್ವ ಬೀಜದ ತೊಗರಿಯನ್ನು ಬೂದಿ, ಬೇವಿನೆಲೆ ಬೆರೆಸಿ ಗಡಿಗೆಗೆ ತುಂಬಿಡುತ್ತಿದ್ದಳು. ಹುಳ ಮುಟ್ಟುತ್ತಿರಲಿಲ್ಲ. ಆ ಗಡಿಗೆಗೆ ಕೈ ಹಾಕಿ ಬೈಸಿಕೊಂಡವನು ನಾನು. ಅದೇ ವಾಸನೆ.

“ಬೀಜ ಕಾಯ್ದಾಂಗ ಕಾಯ್ದೀ ಅಲ್ಲಾ ತಂಗಿ ಇದನ್ನ?” ಎಂದೆ.

“ಮತ್ತ ಹ್ಯಾಂಗ ಕಾಯ್ಬೇಕ್ರಿ? ಇಲಿ, ಹುಳ ಬಿಡ್ತಾವೇನು. ನೀರಂತೂ ಒಮ್ಮಿಯೂ ಮುಟ್ಟಿಸಿಲ್ಲ. ಕುಡೀಲಾಕೇ ಇಲ್ಲ, ಮೋಟಾರಿಗಿ ಎಲ್ಲೀದು. ಬೂದಿ ಹಚ್ಚಿ ಒಣಾ ಅರಿವಿಲಿಂದ ಒರಸ್ತಿದ್ದೆ.”

ಬಂಪರು ಹೊಳೆಯುವ ಗುಟ್ಟು ತಿಳಿಯಿತು. ಇನ್ನೊಂದೂ ತಿಳಿಯಿತು. ಒಳ್ಳೆಯ ಮಳೆಯ ಸೀಮೆಯಾಗಿದ್ದರೆ ಇದೇ ಬೂದಿ ಹಸಿ ಹಿಡಿದು ತಗಡನ್ನು ತಿಂದುಬಿಡುತ್ತಿತ್ತು, ಬಟ್ಟೆಯ ಮಾಡು ಕೊಳೆಯುತ್ತಿತ್ತು. ಓಣಿಯ ಬಾಗಿಲುಗಳಿಗೆ ಮುಳ್ಳು ಹಚ್ಚಿಸಿದ ಬರ ಈ ಕಾರನ್ನು ಮಾತ್ರ ಕಾದಿತ್ತು. ಅದನ್ನು ನೆನೆದು ನನಗೆ ಕಾರಿನ ಮೇಲೆ ಸ್ವಲ್ಪ ಸಿಟ್ಟೇ ಬಂತು.

ಹಿಂದಿನ ಸೀಟು ಎತ್ತಿದಾಗ ಉಳಿದ ಸಂಶಯವೂ ಹೋಯಿತು. ಕೆಳಗೆ ಅಕ್ಕಿಕಾಳು. ಅರಿಶಿನ ಹಚ್ಚಿದ, ಕೆಂಪು ಹಚ್ಚಿದ, ಬಣ್ಣ ಹೋದ ಅಕ್ಕಿಕಾಳು ಸಂದಿಸಂದಿಯಲ್ಲಿ ಕೂತಿತ್ತು. ಮದುವೆಯಲ್ಲಿ ಜನ ಎರಚುವ ಅಕ್ಕಿ.

“ನಮ್ಮಪ್ಪ ಭಾಲ್ಕಿ, ಔರಾದ, ಬೀದರ ಎಲ್ಲಾ ಕಡಿ ಮದ್ವಿಗಿ ಒಯ್ತಿದ್ದರಿ” ಎಂದ ಮಿಲಿಂದ. “ಬಿಚ್ಚು ಮೋಟಾರ ಅಂತಿದ್ರು. ಮಾಡು ಮಡಚಿದ್ರ ಮದುಮಕ್ಕಳು ಎಲ್ಲರಿಗೂ ಕಾಣ್ತಿದ್ರು. ನಮ್ಮ ಓಣಿ ಹುಡುಗರು ಕುದುರಿ ಮ್ಯಾಲ ಕುಂತು ದೊಡ್ಡ ಬಜಾರದಾಗ ಹೊಂಟ್ರ ಆಗ ಜಗಳ ಆಗ್ತಿತ್ತು. ಮೋಟಾರದಾಗ ಹೊಂಟ್ರ ಯಾರೂ ಅಡ್ಡ ಬರ್ತಿರಲಿಲ್ಲ. ಹಾರ್ನ್ ಹೊಡದ್ರ ಅವರೇ ದಾರಿ ಬಿಡ್ತಿದ್ರು.”

“ನನ್ನ ಮೆರವಣಿಗಿನೂ ಇದರಾಗೇ ಆಗೇದ” ಎಂದಳು ಕಲಾವತಿ. ಆಮೇಲೆ, ಹೇಳಬಾರದಿತ್ತು ಎಂಬಂತೆ ಸೆರಗು ಸರಿಪಡಿಸಿಕೊಂಡಳು.

ಸೀಟು ಬಿಚ್ಚಿ ಹೊಸದು ಮಾಡಿದ್ದರೆ ಆ ಅಕ್ಕಿ ಉಳಿಯುತ್ತಿರಲಿಲ್ಲ. ಕಾರು ಅವರು ಹೇಳಿದಂತೆಯೇ ಇತ್ತು. ಉಳಿದದ್ದು ಡಿಕ್ಕಿ ಒಂದೇ. ಕೀಲಿ ಕೊಡಿ ಎಂದೆ.

“ಅದರಾಗ ಏನೂ ಇಲ್ರಿ” ಎಂದಳು ಕಲಾವತಿ.

“ಏನೂ ಇಲ್ಲಂದ್ರ ತಗೀರಿ.”

“ಕೀಲಿ ಹತ್ತಂಗಿಲ್ರಿ. ತುಕ್ಕು ಹಿಡದದ.”

ಇಡೀ ಕಾರಿನಲ್ಲಿ ಎಲ್ಲೂ ಇಲ್ಲದ ತುಕ್ಕು ಡಿಕ್ಕಿಯ ಕೀಲಿಗೆ ಮಾತ್ರ ಹೇಗೆ ಹಿಡಿಯಿತು? ಕೀಲಿಕೈ ಅವಳ ಸೊಂಟದಲ್ಲಿ ಸಿಕ್ಕಿಸಿದ್ದು ನನಗೆ ಕಾಣುತ್ತಿತ್ತು. ಮಿಲಿಂದ ಗೋಡೆಯ ಕಡೆ ತಿರುಗಿ ನಿಂತಿದ್ದ. ಎಲ್ಲ ಸರಿಯಿದ್ದು ಡಿಕ್ಕಿಯಲ್ಲಿ ಕೈಕೊಟ್ಟ ಗಾಡಿಗಳನ್ನು ನಾನು ಬೇಕಾದಷ್ಟು ನೋಡಿದ್ದೆ. ಹಿಂದಿನಿಂದ ಲಾರಿ ಗುದ್ದಿದ ಕಾರುಗಳ ಗುಟ್ಟೆಲ್ಲ ಇರುವುದು ಅಲ್ಲೇ.

“ನೋಡು ತಂಗಿ, ಡಿಕ್ಕಿ ನೋಡದೆ ನಾ ಬರೆಯಂಗಿಲ್ಲ. ಬರೆಯದಿದ್ರ ಅವ ತೊಗೊಳ್ಳಂಗಿಲ್ಲ.”

ಅವಳು ಕೀಲಿ ತೆಗೆದಳು. ಕೊಡುವ ಮೊದಲು, “ನೀವು ಅವನ ಮನಶ್ಯಾ ಅಲ್ಲೇನ್ರಿ?” ಎಂದು ಕೇಳಿದಳು.

“ಹೌದು. ಅವ ಕರದಾನ, ಅವ ಪಗಾರ ಕೊಡ್ತಾನ.”

“ಹಂಗಾದ್ರ ಇಲ್ಲಿಗೆ ಮುಗೀತು” ಎಂದು ತಾನೇ ಡಿಕ್ಕಿ ತೆರೆದಳು.

ಸ್ಟೆಪ್ನಿ ಇತ್ತು, ಜಾಕು ಇತ್ತು, ಕಂಪನಿಯವೇ. ಅವುಗಳ ನಡುವೆ ಒಂದು ದೊಡ್ಡ ಗಂಟು. ಹೊದಿಕೆ, ಹಂಚು, ಹಿಟ್ಟಿನ ಡಬ್ಬಿ, ಅದರೊಳಗಿಂದ ಹಿಡಿಕೆ ಚಾಚಿಕೊಂಡ ಎರಡು ಕೊಯ್ತಾ, ಎಂದರೆ ಕಬ್ಬು ಕಡಿಯುವ ಕತ್ತಿ. ಎಲ್ಲಕ್ಕೂ ಮೇಲೆ ಚಹಾದ ಪಾತ್ರೆ, ಸೋಸುವ ಜಾಳಿಗೆ, ಕಪ್ಪು-ಬಸಿ, ಬಟ್ಟೆಯಲ್ಲಿ ಸುತ್ತಿ ಕಟ್ಟಿದ್ದರು.

“ಐತವಾರ ಲಾರಿ ಬರ್ತದ್ರಿ” ಎಂದ ಮಿಲಿಂದ ಗೋಡೆಯ ಕಡೆ ನೋಡುತ್ತಲೇ. “ಮುಕಾದಮಗ ಮಾತು ಕೊಟ್ಟೀನಿ. ಮೋಟಾರ ಹೋತಂದ್ರ ಒಂದು ಟಂಟಂ ಆಟೋ ತೊಗೊಂಡು ಕುಶನೂರ-ಔರಾದ ಹೊಡಕೊಂಡು ಇರ್ತೀವಿ. ಹೋಗಲಿಲ್ಲಂದ್ರ ಲಾರಿ ಹತ್ತೋದು.”

“ನೀವು ಹತ್ರಿ” ಎಂದಳು ಕಲಾವತಿ. “ನನ್ನ ಕೈ ಎಲ್ಲಿ ಏಳ್ತದ?” ಎಂದು ಬಲಗೈ ಎತ್ತಲು ನೋಡಿದಳು. ಅದು ಭುಜದ ಮಟ್ಟಕ್ಕಿಂತ ಮೇಲೆ ಬರಲಿಲ್ಲ. ಹೋದ ವರ್ಷ ತಲೆಯ ಮೇಲೆ ಕಬ್ಬಿನ ಹೊರೆ ಹೊತ್ತು ಲಾರಿಯ ಹಲಗೆ ಹತ್ತುವಾಗ ಬಿದ್ದಿದ್ದಳಂತೆ. “ಈ ಸರ್ತಿ ಆ ಹಲಗಿ ಹತ್ತಿದ್ರ ನಾ ತಿರುಗಿ ಬರಂಗಿಲ್ರಿ. ಗಂಟು ಮನ್ಯಾಗಿದ್ರ ಬಂದವರಿಗೆಲ್ಲ ಕಾಣ್ತದಂತ ಇದರಾಗ ಇಟ್ಟೀನಿ. ನಾವು ಐತವಾರ ಹೋಗೋರು ಅಂತ ಗೊತ್ತಾದ್ರ ಅವ ಶನಿವಾರ ರಾತ್ರಿ ತನಕ ಕಾಯ್ತಾನ. ಬೀಗ ಹಾಕೋ ಮನಿ ಮಾಲು ಅಂತ ಕೈಗೆ ಬಂದಷ್ಟು ಕೊಟ್ಟು ಒಯ್ತಾನ. ಹೌದಿಲ್ಲ? ನೋಡೀರಲ್ಲ, ಈಗ ಹೋಗಿ ಹೇಳ್ರಿ.”

ಅವಳು ಲೆಕ್ಕ ಹಾಕಿದ್ದು ಅಕ್ಷರಶಃ ಸರಿಯಿತ್ತು. ದಲಾಲಿಗೆ ಬೇಕಾಗುವುದು ಕಾರಿನ ಸುದ್ದಿಗಿಂತ ಇಂಥ ಸುದ್ದಿಯೇ. ಬೆಳಿಗ್ಗೆಯಿಂದ ನಾನು ಅವಳನ್ನು ಸಂಶಯದಿಂದ ನೋಡುತ್ತಿದ್ದಂತೆಯೇ ಅವಳೂ ನನ್ನನ್ನು ನೋಡುತ್ತಿದ್ದಳು. ಅವಳ ಸಂಶಯಕ್ಕೆ ನನ್ನದಕ್ಕಿಂತ ಹೆಚ್ಚು ಕಾರಣವಿತ್ತು. ಗಂಟನ್ನು ಮೆಲ್ಲಗೆ ಸರಿಸಿ, ಡಿಕ್ಕಿಯ ತಳಕ್ಕೆ ಆಯಸ್ಕಾಂತ ಹಿಡಿದೆ. ಅಂಟಿತು. ಗಂಟನ್ನು ಇದ್ದಲ್ಲಿಗೇ ಇಟ್ಟು ಮುಚ್ಚಿದೆ.

ಹೊರಸಿನ ಮೇಲೆ ಕುಳಿತು ಕಾರ್ಬನ್ ಇಟ್ಟು ವರದಿ ಬರೆದೆ. ಸಂಜೆ ರಾಜೇಂದ್ರ ಬಂದ. ಓದಿದ, ಹುಬ್ಬು ಏರಿಸಿದ, ನನ್ನನ್ನು ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋದ.

“ಸಾಹೇಬ್ರ, ಇಷ್ಟು ಛಲೋ ಬರದ್ರ ಹ್ಯಾಂಗ? ಒಂದೀಟು ಹಿಡದು ಬರೀಬೇಕಿಲ್ರಿ?”

“ಇದ್ದದ್ದು ಬರದೀನಿ.”

“ಡಿಕ್ಕಿ ತಗದು ನೋಡೀರಿ?”

“ನೋಡೀನಿ. ಸ್ಟೆಪ್ನಿ, ಜಾಕು ಅವ. ತಳ ಗಟ್ಟಿ ಅದ.”

“ಅದಲ್ರಿ. ಮನಿ ಪರಿಸ್ಥಿತಿ ಹ್ಯಾಂಗ ಅದ? ಓಣಿ ಎಲ್ಲಾ ಖಾಲಿ ಆಗ್ಲತ್ತದ. ಇವರೂ ಹೊಂಟಾರೇನು?”

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಇಡೀ ಜನ್ಮ ಬೇರೆಯವರ ಸುಳ್ಳು ಹಿಡಿದವನಿಗೆ ತನ್ನದು ಹೇಳಲು ನಾಲಿಗೆ ಏಳುವುದಿಲ್ಲ.

“ರಾಜೇಂದ್ರ, ನೀ ನನಗ ಗಾಡಿ ಸರ್ವೇ ಮಾಡ್ಲಾಕ ಕರಕೊಂಡು ಬಂದೀದಿ. ಮನಿ ಸರ್ವೇ ಮಾಡ್ಲಾಕ ಅಲ್ಲ. ಅದರದ್ದು ಬೇರೆ ಇಲಾಖೆ ಇರ್ತದ, ಅಲ್ಲಿ ಕೇಳು.”

ಆತ ನಕ್ಕ. ಈ ಸಲ ಕಣ್ಣು ನನ್ನ ಮೇಲೇ ಇತ್ತು. “ಆಯ್ತು ಬಿಡ್ರಿ. ನನಗೇನು ಗಡಿಬಿಡಿ ಇಲ್ಲ. ಮುಂದಿನ ವಾರ ನೋಡೋಣ.”

ಅವನಿಗೆ ವಾಸನೆ ಹತ್ತಿತ್ತೋ ಅಥವಾ ಎಲ್ಲ ದಲಾಲಿಗಳಂತೆ ಸುಮ್ಮನೆ ತಡ ಮಾಡುತ್ತಿದ್ದನೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಚೀಲದಿಂದ ಎರಡನೆಯ ಪ್ರತಿ ತೆಗೆದು ಕಲಾವತಿಯ ಕೈಗೆ ಕೊಟ್ಟೆ.

“ಇದೇನ್ರಿ?” ಎಂದ ರಾಜೇಂದ್ರ.

“ಮಾಲೀಕರ ಕಾಪಿ. ಮೊದಲೇ ಹೇಳಿದ್ದೆನಲ್ಲ.”

“ರೊಕ್ಕ ಕೊಡೋದು ನಾನು, ಕಾಪಿ ಅಕೀಗಿ ಯಾಕ್ರಿ?”

“ಮೈ ಮುಟ್ಟಿದ್ದು ಅವರ ಗಾಡೀದು. ನಮ್ಮ ವೀರಶೆಟ್ಟಿ ಸರ್ ಹಾಕಿಕೊಟ್ಟ ರೂಢಿ, ನಾ ಬಿಡಂಗಿಲ್ಲ.”

ಕಲಾವತಿ ಹಾಳೆಯನ್ನು ತಿರುವಿ ನೋಡಿ ಗಂಡನಿಗೆ ಕೊಟ್ಟಳು. ಮಿಲಿಂದ ಅದನ್ನು ಅಲ್ಲೇ ನಿಂತು ಗಟ್ಟಿಯಾಗಿ ಓದಿದ. ಮೂಲ ಬಣ್ಣ, ಮೂಲ ಗಾಜು, ಮೂಲ ಸೀಟು, ಎಲ್ಲೂ ದುರಸ್ತಿಯಿಲ್ಲ. ರಾಜೇಂದ್ರ ಕೇಳುತ್ತ ನಿಂತ. ಆ ಹಾಳೆ ಹಿಡಿದು ಅವರು ಇನ್ನು ಯಾರ ಹತ್ತಿರ ಬೇಕಾದರೂ ಹೋಗಬಹುದಿತ್ತು. ತಡ ಮಾಡಿದರೆ ಕಳೆದುಕೊಳ್ಳುವವನು ತಾನು ಎಂಬುದು ಅವನಿಗೆ ಹೊಳೆಯಲು ಬಹಳ ಹೊತ್ತು ಬೇಕಾಗಲಿಲ್ಲ. ಪಾರ್ಟಿಗೆ ಫೋನ್ ಮಾಡುತ್ತೇನೆ ಎಂದು ಅಷ್ಟೇ ಹೇಳಿ ಗಾಡಿ ಹತ್ತಿದ. ಬೀದರಿನಲ್ಲಿ ನನ್ನನ್ನು ಇಳಿಸಿ ಹೋದ.

ಅವತ್ತು ಕ್ಯಾಮೆರಾದಲ್ಲಿ ನಾನು ತೆಗೆದಿದ್ದ ಕಾರಿನ ಫೋಟೊಗಳ ರೋಲು ತೊಳೆಸಿದಾಗ ಚಾಸಿ ನಂಬರಿನ ಚಿತ್ರ ಮಸುಕಾಗಿತ್ತು. ಇನ್ನೊಮ್ಮೆ ತೆಗೆಯಬೇಕೆಂದು ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಕುಶನೂರಿಗೆ ಹೋದೆ. ಅದು ಕೆಲಸವೋ ನೆಪವೋ ಎಂಬ ಬಗ್ಗೆ ನನಗೇ ಸಂಶಯವಿದೆ.

ಬಸ್‌ಸ್ಟ್ಯಾಂಡಿನಲ್ಲೇ ಲಾರಿ ನಿಂತಿತ್ತು. ಜನ ಹತ್ತುತ್ತಿದ್ದರು, ಡಬ್ಬಿ, ಹಾಸಿಗೆ, ಒಂದೆರಡು ಆಡು. ಮುಕಾದಮ ಮಿಲಿಂದನ ಹೆಸರು ಹಿಡಿದು ಕೂಗುತ್ತಿದ್ದ. ಮನೆಯ ಮುಂದೆ ಗಂಟು ಹೊರಬಂದು ಕಟ್ಟೆಯ ಮೇಲೆ ಕೂತಿತ್ತು, ಅದರ ಪಕ್ಕದಲ್ಲಿ ಕಲಾವತಿ. ನನ್ನನ್ನು ನೋಡಿ ಮತ್ತೆ ದಾರಿಯ ಕಡೆ ತಿರುಗಿದಳು. ರಾಜೇಂದ್ರ ಬಂದಿರಲಿಲ್ಲ. ಲಾರಿ ಹಾರ್ನ್ ಹೊಡೆದಾಗ ಮಿಲಿಂದ ಬಗ್ಗಿ ಗಂಟಿಗೆ ಕೈ ಹಾಕಿದ. ಕಲಾವತಿ ಅವನ ಮಣಿಕಟ್ಟು ಹಿಡಿದಳು. “ಇನ್ನೊಂದು ಹಾರ್ನ್ ಹೊಡೀಲಿ” ಎಂದಳು.

ಎರಡನೆಯ ಹಾರ್ನು ಲಾರಿಯದಲ್ಲ. ರಾಜೇಂದ್ರನ ಗಾಡಿ, ಅದರ ಹಿಂದೆ ಕಾರು ಹೇರುವ ಇನ್ನೊಂದು ದೊಡ್ಡ ಗಾಡಿ. ಕೊಳ್ಳುವವರು ಒಬ್ಬ ವಯಸ್ಸಾದ ಗೃಹಸ್ಥರು. ಮಿಲಿಂದ ಅವರ ಕೈಗೆ ತನ್ನ ಪ್ರತಿ ಕೊಟ್ಟ. ಅವರು ಓದಿ, ಕಾರಿನ ಬಾಗಿಲಲ್ಲಿ ಬಣ್ಣ ಸವೆದ ಜಾಗದ ಮೇಲೆ ಮೊಣಕೈ ಇಟ್ಟು ಸ್ವಲ್ಪ ಹೊತ್ತು ನಿಂತರು. ರಾಜೇಂದ್ರ ಚೌಕಾಸಿಗೆ ಬಾಯಿ ತೆರೆದಾಗ ಅವರೇ ಕೈ ಅಡ್ಡ ಮಾಡಿದರು. ಕಲಾವತಿ ಮಾತ್ರ ಕೊನೆಯವರೆಗೂ ನಂಬಲಿಲ್ಲ. ವ್ಯವಹಾರ ಮುಗಿದು, ಗಂಡ ಜೇಬು ಮುಟ್ಟಿ ತೋರಿಸುವವರೆಗೂ ಅವಳ ಒಂದು ಕೈ ಗಂಟಿನ ಮೇಲೇ ಇತ್ತು. ಕಾರು ಹೊರಡುವಾಗ ಆ ಗೃಹಸ್ಥರಿಗೆ, “ನೀರು ಹಾಕಿ ತೊಳೀಬ್ಯಾಡ್ರಿ” ಎಂದಳು. ಆಮೇಲೆ ಅತ್ತಳು, ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ.

ಮಿಲಿಂದ ಹೋಗಿ ಮುಕಾದಮನ ಮುಂದೆ ಕೈಮುಗಿದು ಬಂದ. ಮುಕಾದಮ ಬೈದ. ಲಾರಿ ಹೋಯಿತು. ಅದರಲ್ಲಿ ಅವರ ಓಣಿಯವರೇ ಬಹಳ ಜನ ಇದ್ದರು, ಆದ್ದರಿಂದ ಇವರಿಬ್ಬರೂ ನಗಲಿಲ್ಲ. ಧೂಳು ಅಡಗುವವರೆಗೆ ನೋಡುತ್ತ ನಿಂತರು.

ಕಲಾವತಿ ಕಟ್ಟೆಯ ಮೇಲೆ ಕುಳಿತು ಎಡಗೈಯಿಂದ ಗಂಟು ಬಿಚ್ಚಿದಳು. ಕೊಯ್ತಾಗಳನ್ನು ಒಳಗೆ ಒಯ್ದು ಮೂಲೆಗಿಟ್ಟಳು. ಚಹಾದ ಪಾತ್ರೆಯನ್ನು ಬಟ್ಟೆಯಿಂದ ಬಿಡಿಸುತ್ತ ಕೇಳಿದಳು.

“ಅವತ್ತು ಅವನಿಗಿ ಯಾಕ ಹೇಳ್ಲಿಲ್ರಿ?”

“ಅದು ಗಾಡಿ ಸಾಮಾನಲ್ಲ ತಂಗಿ.”

ಅವಳು ಪಾತ್ರೆಯನ್ನು ಸೆರಗಿನಿಂದ ಒರೆಸಿದಳು. ನಂಬಿದಳೋ ಇಲ್ಲವೋ ಹೇಳಲಾರೆ. ಆಮೇಲೆ, “ಚಹಾ ತೊಗೋತೀರೇನ್ರಿ ಸಾಹೇಬ್ರ?” ಎಂದಳು.

ವರದಿ ಕೊಟ್ಟಾಗಿತ್ತು, ತೊಗೊಳ್ಳುತ್ತೇನೆ ಎಂದೆ. ಹಾಲಿರಲಿಲ್ಲ, ಬೆಲ್ಲ ಹಾಕಿದ ಕರಿ ಚಹಾ. ಬಸಿಯ ಅಂಚಿಗೆ ಸ್ವಲ್ಪ ಬೂದಿ ಅಂಟಿಕೊಂಡಿತ್ತು. ಅದು ಎಲ್ಲಿಯದು ಎಂದು ನಾನು ಕೇಳಲಿಲ್ಲ.